ಗ್ಯಾಡೊಲಿನಿಯಮ್ ಆಕ್ಸೈಡ್: ಮೊಮೆಂಟ್ ಕಡಿಮೆ ಬರುವುದೇಕೆ?

ನಮಸ್ಕಾರ. ಮಂಗಳೂರಿನ ನಿಮ್ಮ ಪ್ರಯೋಗಾಲಯದಲ್ಲಿ ಮಳೆಗಾಲದಲ್ಲಿ ಅಳೆದ ಗ್ಯಾಡೊಲಿನಿಯಮ್ ಆಕ್ಸೈಡಿನ ಮ್ಯಾಗ್ನೆಟಿಕ್ ಮೊಮೆಂಟ್ (ಒಂದೊಂದು ಅಯಾನಿನ ಕಾಂತಬಲದ ಅಳತೆ) 7.94 ಬೋರ್ ಮ್ಯಾಗ್ನೆಟಾನ್ (ಅದರ ಏಕಮಾನ) ಬರುವ ಬದಲು 7.3ರಲ್ಲೇ ನಿಲ್ಲುತ್ತಿದೆ, ಉಪಕರಣ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಉಪಕರಣಕ್ಕಿಂತ ಮೊದಲು ಪುಡಿಯನ್ನೇ ಸಂದೇಹಿಸಬೇಕು ಎಂಬುದು ನನ್ನ ಅಭಿಪ್ರಾಯ.

ಗ್ಯಾಡೊಲಿನಿಯಮ್ ಅಯಾನಿನಲ್ಲಿ 4ಎಫ್ ಕಕ್ಷಕದ ಏಳೂ ಎಲೆಕ್ಟ್ರಾನುಗಳು ಒಂಟಿಯಾಗಿದ್ದು, ಕಕ್ಷೀಯ ಕೋನೀಯ ಸಂವೇಗ ಸೊನ್ನೆಯಾಗಿರುವುದರಿಂದ, ಅದರ ಮೊಮೆಂಟ್ ಸುತ್ತಲಿನ ಪರಿಸರಕ್ಕೆ ತಕ್ಕಂತೆ ಅಷ್ಟಾಗಿ ಬದಲಾಗುವುದಿಲ್ಲ. ಆದರೆ ಈ ಆಕ್ಸೈಡ್ ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಮುಚ್ಚಳ ಸಡಿಲವಿದ್ದ ಬಾಟಲಿಯನ್ನು ನಂಬುವಂತಿಲ್ಲ. ಪುಡಿ ಪೂರ್ತಿಯಾಗಿ ಹೈಡ್ರಾಕ್ಸೈಡ್ ಆಗಿದ್ದರೆ, ಒಂದು ಮೋಲ್ ಗ್ಯಾಡೊಲಿನಿಯಮ್ಮಿಗೆ 181 ಗ್ರಾಂ ಇರಬೇಕಾದ ತೂಕ 208 ಗ್ರಾಂ ಆಗುತ್ತದೆ; ಅಂದರೆ ನೀವು ತೂಗಿದ ಪುಡಿಯಲ್ಲಿ ಅಂದುಕೊಂಡಷ್ಟು ಗ್ಯಾಡೊಲಿನಿಯಮ್ ಇರುವುದಿಲ್ಲ, ಅದನ್ನು ಆಕ್ಸೈಡ್ ಎಂದೇ ಹಿಡಿದರೆ ಲೆಕ್ಕದಲ್ಲಿ ಮೊಮೆಂಟ್ 7.4ಕ್ಕೆ ಇಳಿಯುತ್ತದೆ.

110 ಡಿಗ್ರಿಯ ಓವನ್ ಇದಕ್ಕೆ ಸಾಲದು. ಅಲ್ಯುಮಿನಾ ಮೂಸೆಯಲ್ಲಿಟ್ಟು 900ರಿಂದ 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಕಾಯಿಸಿ, ತೇವ ತಾಗದಂತೆ ಮುಚ್ಚಿಡುವ ಪಾತ್ರೆಯಾದ ಡೆಸಿಕೇಟರಿನಲ್ಲಿ ತಣಿಸಿ, ತಡಮಾಡದೆ ತೂಗಿರಿ.

ಆಗಲೂ ತುಸು ಕೊರತೆ ಉಳಿಯುತ್ತದೆ, ಏಕೆಂದರೆ ಇದರ ವೈಸ್ ತಾಪ (ಅಯಾನುಗಳು ಪರಸ್ಪರರ ಮೇಲೆ ಬೀರುವ ಕಾಂತಪ್ರಭಾವವನ್ನು ತೋರಿಸುವ ಸಂಖ್ಯೆ) ಋಣಾತ್ಮಕ, ಅಂದರೆ ಅವು ಒಂದನ್ನೊಂದು ವಿರುದ್ಧ ದಿಕ್ಕಿಗೆ ತಿರುಗಿಸಲು ನೋಡುತ್ತವೆ. ಒಂದೇ ತಾಪದ ಅಳತೆಗೆ, ಈ ಪ್ರಭಾವವನ್ನು ಲೆಕ್ಕಿಸದ ಕ್ಯೂರಿ ಸೂತ್ರ ಹಚ್ಚುವ ಬದಲು, ಹಲವು ತಾಪಗಳಲ್ಲಿ ಅಳೆದು ಸಸೆಪ್ಟಿಬಿಲಿಟಿಯ (ಕಾಂತಕ್ಷೇತ್ರಕ್ಕೆ ಪುಡಿ ಎಷ್ಟು ಸ್ಪಂದಿಸುತ್ತದೆ ಎಂಬುದರ) ವಿಲೋಮದ ನಕ್ಷೆಯನ್ನು ತಾಪಕ್ಕೆ ಎದುರಾಗಿ ಎಳೆದು, ಅದರ ಇಳಿಜಾರಿನಿಂದಲೇ ಮೊಮೆಂಟ್ ಲೆಕ್ಕ ಹಾಕಿರಿ.