ಇದು ಅಮ್ಮನೇ ಅಂತ ಬರೆದುಕೊಡಿ, ಮೇಡಂ

ಸರ್ಕಾರಿ ಆಸ್ಪತ್ರೆಯೊಂದರ ಐಸಿಟಿಸಿಯಲ್ಲಿ, ಅಂದರೆ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ನಾನು ಆಪ್ತಸಮಾಲೋಚಕಿ. ಎಚ್‌ಐವಿ ಪರೀಕ್ಷೆಗೆ ಬರುವವರ ಜೊತೆ ಮಾತಾಡುವುದು ನನ್ನ ದಿನನಿತ್ಯದ ಕೆಲಸ. 2022ರಿಂದ ಈಚೆಗೆ ಇನ್ನೊಂದು ಥರದವರೂ ಬರುತ್ತಿದ್ದಾರೆ. ಮೈಮೇಲೆ ನಾಲ್ಕು ಗುಳ್ಳೆ ಎದ್ದಿರುತ್ತವೆ, ಮೊಬೈಲ್‌ನಲ್ಲಿ ಮಂಕಿಪಾಕ್ಸ್ ಫೋಟೋ ನೋಡಿ ಎರಡು ರಾತ್ರಿ ನಿದ್ದೆ ಕೆಟ್ಟಿರುತ್ತಾರೆ. ಹೆಚ್ಚಿನವರಿಗೆ ಅದು ಬೇರೆ ಏನೋ ಆಗಿರುತ್ತದೆ. ಆದರೆ ಎಲ್ಲರೂ ಕೇಳುವುದು ಒಂದೇ, ಅದೇ ಆಗಿದ್ದರೆ ಮನೆಯಲ್ಲಿ ಏನಂತ ಹೇಳಲಿ ಅಂತ. ಯಾವ ಔಷಧಿ ಅಂತ ಮೊದಲು ಕೇಳಿದವರು ಕಡಿಮೆ.

ಅವರಲ್ಲಿ ಒಬ್ಬನ ವಿಷಯ ನನ್ನ ತಲೆಯಿಂದ ಹೋಗುತ್ತಿಲ್ಲ. ಊರು, ಕೆಲಸ, ಮನೆಯವರ ವಿವರ ಎಲ್ಲ ಬದಲಿಸಿದ್ದೇನೆ. 2025ರ ಜನವರಿಯಲ್ಲಿ ದುಬೈನಿಂದ ಮಂಗಳೂರಿಗೆ ಬಂದವರೊಬ್ಬರಲ್ಲಿ ಮಂಕಿಪಾಕ್ಸ್ ದೃಢಪಟ್ಟ ಸುದ್ದಿ ನೀವೆಲ್ಲ ಓದಿರುತ್ತೀರಿ. ಇದು ಅವರ ಕಥೆ ಅಲ್ಲ, ದಯವಿಟ್ಟು ಹಾಗೆ ಜೋಡಿಸಬೇಡಿ.

ಮಲೆನಾಡಿನ ಹುಡುಗ, ಮೂವತ್ತು ದಾಟಿದ ವಯಸ್ಸು. ನನ್ನ ತಮ್ಮನಷ್ಟೇ, ಹಾಗಾಗಿ ಅವನು ಅಂತಲೇ ಬರೆಯುತ್ತೇನೆ. ಗಲ್ಫ್‌ನಲ್ಲಿ ಎಸಿ ರಿಪೇರಿ ಕೆಲಸ, ಒಂದು ರೂಮಿನಲ್ಲಿ ಆರು ಜನ. ತಂಗಿಯ ಸೀಮಂತಕ್ಕೆ ಅಂತ ಊರಿಗೆ ಬಂದ. ಬಂದ ಐದನೇ ದಿನ ಜ್ವರ, ಆರನೇ ದಿನ ಗುಳ್ಳೆ. ತಾಯಿ ನೋಡಿದವರೇ ಅಮ್ಮ ಬಂದಿದ್ದಾಳೆ ಅಂದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು, ಒಗ್ಗರಣೆ ನಿಲ್ಲಿಸಿದರು, ಮಾರಿಕಾಂಬೆಗೆ ಹರಕೆ ಹೊತ್ತರು. ಆದರೆ ಜ್ವರ ಇಳಿಯಲಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಬಂದರು. ಕುತ್ತಿಗೆಯಲ್ಲಿ ಗಂಟು ಊದಿದ್ದು, ಅಂಗೈಯಲ್ಲಿ ಎರಡು ಗುಳ್ಳೆ, ಜೊತೆಗೆ ವಿದೇಶದಿಂದ ಬಂದವನು ಎಂದು ವೈದ್ಯರು ಅನುಮಾನಪಟ್ಟರು. 2024ರ ಆಗಸ್ಟ್ 14ರಂದು ವಿಶ್ವ ಆರೋಗ್ಯ ಸಂಸ್ಥೆ ಎಂಪಾಕ್ಸ್ (ಮಂಕಿಪಾಕ್ಸ್‌ನ ಈಗಿನ ಹೆಸರು) ವಿಷಯದಲ್ಲಿ ಎರಡನೇ ಸಲ ತುರ್ತುಸ್ಥಿತಿ ಘೋಷಿಸಿ ಕೆಲವೇ ತಿಂಗಳಾಗಿತ್ತು. ಅವನನ್ನು ಬೇರೆ ರೂಮಿನಲ್ಲಿ ಇರಿಸಿ, ಗುಳ್ಳೆಯ ದ್ರವ ತೆಗೆದು ಪರೀಕ್ಷೆಗೆ ಕಳಿಸಿದರು. ಊಟ ಮುಟ್ಟುತ್ತಿಲ್ಲ, ಗೋಡೆ ಕಡೆ ತಿರುಗಿ ಮಲಗಿದ್ದಾನೆ, ಸ್ವಲ್ಪ ಮಾತಾಡಿಸಿ ಅಂತ ನನ್ನನ್ನು ಕರೆದರು.

ಮಾಸ್ಕ್, ಗ್ಲೌಸ್ ಹಾಕಿಕೊಂಡು ಒಳಗೆ ಹೋದೆ. ಅವನು ಎದ್ದು ಕೂತ. ಎರಡೂ ಅಂಗೈಗಳನ್ನು ತೊಡೆಯ ಮೇಲೆ ಕವುಚಿ ಇಟ್ಟುಕೊಂಡ. ಮುಕ್ಕಾಲು ಗಂಟೆ ಮಾತಾಡಿದೆವು, ಅಷ್ಟು ಹೊತ್ತೂ ಆ ಕೈಗಳನ್ನು ಒಂದು ಸಲವೂ ತಿರುಗಿಸಲಿಲ್ಲ. ಮೊದಲ ಹತ್ತು ನಿಮಿಷ ಬರೀ ಹೂಂ, ಊಹೂಂ. ಆಮೇಲೆ ತಲೆ ಎತ್ತದೇ ಕೇಳಿದ.

"ಮೇಡಂ, ರಿಪೋರ್ಟ್ ಏನೇ ಬರಲಿ, ಇದು ಅಮ್ಮನೇ ಅಂತ ಬರೆದುಕೊಡೋಕೆ ಆಗತ್ತಾ?"

ಯಾಕೆ ಅಂತ ಕೇಳಿದೆ.

"ಅಮ್ಮ ಅಂದರೆ ನಮ್ಮ ತಾಯಿ ಪಕ್ಕದಲ್ಲಿ ಕೂತು ಬೇವಿನ ಸೊಪ್ಪಲ್ಲಿ ಗಾಳಿ ಹಾಕ್ತಾರೆ. ಎಳನೀರು ಕುಡಿಸ್ತಾರೆ. ನನಗೇ ಕೈ ಮುಗೀತಾರೆ. ಇದು ಅಂದರೆ ತಟ್ಟೆ ಬಾಗಿಲ ಹೊರಗೆ ಇಟ್ಟು ಹೋಗ್ತಾರೆ. ಗುಳ್ಳೆ ಅವೇ ಅಲ್ವಾ, ಮೇಡಂ?"

ಗುಳ್ಳೆ ಅವೇ ಅಲ್ವಾ. ಹದಿನೈದು ವರ್ಷದಿಂದ ಈ ಕುರ್ಚಿಯಲ್ಲಿ ಕೂತಿದ್ದೇನೆ, ಕಳಂಕ ಅಂದರೆ ಏನು ಅಂತ ತರಬೇತಿಗಳಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಯಾವ ಪಾಠದಲ್ಲೂ ಇಷ್ಟು ಸ್ಪಷ್ಟವಾಗಿ ಹೇಳಲು ನನಗೆ ಆಗಿರಲಿಲ್ಲ.

ಉಳಿದದ್ದು ಆಮೇಲೆ ಬಂತು. ಅಲ್ಲಿ ಅವನಿಗೆ ಒಬ್ಬ ಸ್ನೇಹಿತ ಇದ್ದಾನೆ, ಸ್ನೇಹಿತನಿಗಿಂತ ಹೆಚ್ಚು. ಊರಲ್ಲಿ ಯಾರಿಗೂ ಗೊತ್ತಿಲ್ಲ. 2022ರಲ್ಲಿ ಈ ಕಾಯಿಲೆ ಹೆಚ್ಚಾಗಿ ಹರಡಿದ್ದು ಗಂಡಸರ ನಡುವಿನ ಲೈಂಗಿಕ ಸಂಪರ್ಕದಿಂದ ಅಂತ ಮೊಬೈಲ್‌ನಲ್ಲಿ ಓದಿದ್ದಾನೆ. ರಿಪೋರ್ಟ್‌ನಲ್ಲಿ ಆ ಹೆಸರು ಬಂದರೆ ಮನೆಯವರಿಗೆ ಎಲ್ಲ ಗೊತ್ತಾಗಿಬಿಡುತ್ತದೆ ಅನ್ನೋದು ಅವನ ಹೆದರಿಕೆ. "ನಾನು ಮಾಡಿದ್ದಕ್ಕೆ ಬಂತು" ಅಂದ.

ಅದಕ್ಕೆ ನಾನು ಹೇಳಿದ್ದು ಇಷ್ಟು. ಮನುಷ್ಯರಲ್ಲಿ ಈ ಕಾಯಿಲೆ ಮೊದಲು ಪತ್ತೆಯಾಗಿದ್ದು 1970ರಲ್ಲಿ, ಆಫ್ರಿಕಾದ ಕಾಂಗೋದಲ್ಲಿ. ಆ ರೋಗಿ ಒಂಬತ್ತು ತಿಂಗಳ ಗಂಡು ಮಗು. ಆ ಮಗು ಏನು ತಪ್ಪು ಮಾಡಿತ್ತು? ಇವತ್ತಿಗೂ ಕಾಂಗೋದಲ್ಲಿ ಇದರಿಂದ ನರಳುವವರಲ್ಲಿ ಮಕ್ಕಳು ಬಹಳ. ವೈರಸ್‌ಗೆ ಮುಖ್ಯವಾಗಿ ಬೇಕಾಗಿರುವುದು ಚರ್ಮಕ್ಕೆ ಚರ್ಮ ತಾಗುವುದು. ಆ ತಾಗುವಿಕೆ ತಾಯಿ ಮಗುವಿನದ್ದಾ, ಪ್ರೀತಿಸಿದವರದ್ದಾ, ನರ್ಸ್ ರೋಗಿಯದ್ದಾ ಅಂತ ಅದು ನೋಡಲ್ಲ.

ಅಮ್ಮ ಅಂತ ಬರೆದುಕೊಡುವುದಿಲ್ಲ ಅಂತಲೂ ಹೇಳಿದೆ. ಅದನ್ನು ಹೇಳುವುದು ಕಷ್ಟವಾಯಿತು. ಆದರೆ ಎರಡು ಕಾಯಿಲೆಗಳ ವೈರಸ್ಸೂ ಬೇರೆ, ಎಚ್ಚರವೂ ಬೇರೆ. ಎಂಪಾಕ್ಸ್ ಹಳೇ ಸಿಡುಬಿನ ಕುಟುಂಬದ್ದು, ಅಮ್ಮ ಅಂದರೆ ಚಿಕನ್‌ಪಾಕ್ಸ್, ಅದು ಬೇರೆ ಕುಟುಂಬ. ಎಂಪಾಕ್ಸ್ ತಗುಲಿದ 1ರಿಂದ 21 ದಿನದೊಳಗೆ ಕಾಣಿಸಿಕೊಳ್ಳುತ್ತದೆ, ಎರಡರಿಂದ ನಾಲ್ಕು ವಾರ ಇರುತ್ತದೆ, ಕೊನೆಯ ಹೊಪ್ಪಳೆ ಉದುರಿ ಹೊಸ ಚರ್ಮ ಬರೋವರೆಗೂ ಇನ್ನೊಬ್ಬರಿಗೆ ಹರಡಬಹುದು. ಸುಳ್ಳು ಬರೆದುಕೊಟ್ಟರೆ ಅವನ ತಾಯಿ ಬರಿಗೈಯಲ್ಲಿ ಆ ಗುಳ್ಳೆಗಳ ಮೇಲೆ ಸೊಪ್ಪು ಸವರುತ್ತಾರೆ. ಅವರಿಗೆ ತಗುಲಿದರೆ ಆ ಸುಳ್ಳನ್ನು ಹೊರುವವನು ಅವನೇ.

ಆದರೆ ಕಾಯಿಲೆಯ ಹೆಸರು ಬೇರೆ, ಯಾರಿಂದ ಬಂತು ಅನ್ನೋದು ಬೇರೆ. ಮೊದಲನೆಯದು ಮನೆಯವರಿಗೆ ಗೊತ್ತಿರಬೇಕು, ಇಲ್ಲದಿದ್ದರೆ ಹುಷಾರಾಗಿರುವುದು ಹೇಗೆ? ಎರಡನೆಯದು ನಿನ್ನದು. ವೈದ್ಯರಿಗೆ ಹೇಳು, ಅವರಿಗೆ ಚಿಕಿತ್ಸೆಗೆ ಬೇಕು. ಇನ್ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನೋದನ್ನ ನೀನೇ ತೀರ್ಮಾನ ಮಾಡು. ಒಬ್ಬನಿಗೆ ಮಾತ್ರ ಇವತ್ತೇ ಹೇಳಬೇಕು, ಅಲ್ಲಿರುವ ಅವನಿಗೆ. ಇಷ್ಟು ಹೇಳಿದೆ. ಮಾತಿನ ನಡುವೆ ನಾನು ನೀವು ಬಿಟ್ಟು ನೀನು ಅಂದಿದ್ದು ಆಮೇಲೆ ಗಮನಕ್ಕೆ ಬಂತು, ಅವನಿಗೆ ಬೇಜಾರಾದಂತೆ ಕಾಣಲಿಲ್ಲ.

ನನ್ನ ಎದುರೇ ಮೆಸೇಜ್ ಟೈಪ್ ಮಾಡಿದ. ಒಂದೇ ಬೆರಳಲ್ಲಿ, ಅಂಗೈ ಕಾಣದ ಹಾಗೆ ಫೋನನ್ನು ಹಾಸಿಗೆ ಮೇಲಿಟ್ಟು. ನನಗೆ ಜ್ವರ, ಮೈಮೇಲೆ ಗುಳ್ಳೆ, ಪರೀಕ್ಷೆಗೆ ಕಳಿಸಿದ್ದಾರೆ, ನೀನೂ ಮೈ ನೋಡಿಕೋ, ಏನಾದರೂ ಕಂಡರೆ ಡಾಕ್ಟರ ಹತ್ತಿರ ಹೋಗು. ಮೂರು ಸಲ ಅಳಿಸಿ ಬರೆದ. ಕಳಿಸಿ ಆದಮೇಲೆ ಊಟ ತರಿಸಿ ಅಂದ. ಅವನ ಒಪ್ಪಿಗೆ ಪಡೆದು ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿದೆವು, ಯಾಕೆಂದರೆ ಎಚ್‌ಐವಿ ಇದ್ದು ಚಿಕಿತ್ಸೆ ಇಲ್ಲದಿದ್ದರೆ ಎಂಪಾಕ್ಸ್ ತುಂಬಾ ಜೋರಾಗಬಹುದು. ಅದರ ಫಲಿತಾಂಶ ಇಲ್ಲಿ ಬರೆಯುವುದಿಲ್ಲ.

ಹೊರಗೆ ಕಾರಿಡಾರ್‌ನಲ್ಲಿ ತಾಯಿ, ಚಿಕ್ಕಪ್ಪ ಕಾಯುತ್ತಿದ್ದರು. ತಾಯಿಯ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರ ಬಾಯಿಯಿಂದ ಬೇವಿನ ಕಡ್ಡಿಗಳು ಹೊರಗೆ ಬಂದಿದ್ದವು. ವೈದ್ಯರು ಮಂಕಿಪಾಕ್ಸ್ ಅನುಮಾನ ಅಂತ ಹೇಳಿದ್ದನ್ನು ಅವರು ಮಂಗನ ಕಾಯಿಲೆ ಅಂದುಕೊಂಡಿದ್ದರು. "ನಮ್ಮ ಕಡೆ ಇರೋದೇ ಅಲ್ವಾ ಮೇಡಂ, ಉಣುಗಿಂದ ಬರತ್ತೆ. ಅವನು ಈ ಸಲ ಕಾಡಿಗೆ ಕಾಲೇ ಇಟ್ಟಿಲ್ಲ. ಇನ್ನು ಮೇಲೆ ಡೇಪಾ ಎಣ್ಣೆ ಹಚ್ಚಿದರೆ ಸಾಕಲ್ವಾ?"

ಈ ಗೊಂದಲ ಮಲೆನಾಡಿನಲ್ಲಿ ತುಂಬಾ ಇದೆ, ಹಾಗಾಗಿ ಸ್ವಲ್ಪ ನಿಲ್ಲುತ್ತೇನೆ. ಮಂಗನ ಕಾಯಿಲೆ ಅಂದರೆ ಕೆಎಫ್‌ಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿದ್ದು. ಉಣುಗು ಕಚ್ಚಿ ಬರುತ್ತದೆ (ಅದು ಕಚ್ಚದಿರಲಿ ಅಂತ ಹಚ್ಚುವುದೇ ಡೇಪಾ ಎಣ್ಣೆ), ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಅದರಲ್ಲಿ ಮಂಗಗಳು ಸಾಯುತ್ತವೆ. ಮಂಕಿಪಾಕ್ಸ್‌ಗೆ ಆ ಹೆಸರು ಬಂದಿದ್ದು 1958ರಲ್ಲಿ ಡೆನ್ಮಾರ್ಕಿನ ಒಂದು ಪ್ರಯೋಗಾಲಯದ ಮಂಗಗಳಲ್ಲಿ ಮೊದಲು ಕಂಡಿದ್ದಕ್ಕೆ, ಅಷ್ಟೇ. ಕಾಡಿನಲ್ಲಿ ಅದನ್ನು ಉಳಿಸಿಕೊಂಡಿರುವುದು ಹೆಚ್ಚಾಗಿ ಇಲಿ ಅಳಿಲಿನ ಜಾತಿಯ ಪ್ರಾಣಿಗಳು ಅನ್ನುತ್ತಾರೆ. ಹಳೇ ಹೆಸರು ಜನರಿಗೆ ಕಳಂಕ ತರುತ್ತದೆ ಅಂತಲೇ 2022ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಂಪಾಕ್ಸ್ ಅಂತ ಬದಲಿಸಿತು. ಆದರೂ ನಮ್ಮಲ್ಲಿ ಕೆಲವರು ಅದನ್ನು ಮಂಗನ ಕಾಯಿಲೆ ಅಂತಲೇ ಬರೆಯುತ್ತಾರೆ, ಇಲ್ಲಿ ಒಬ್ಬ ತಾಯಿ ಡೇಪಾ ಎಣ್ಣೆ ಬಾಟಲಿ ಹುಡುಕುತ್ತಾರೆ.

ತಾಯಿಯನ್ನು ಕೇಳಿದೆ, ಮನೆಯಲ್ಲಿ ಅಮ್ಮ ಬಂದರೆ ಏನೇನು ಮಾಡುತ್ತೀರಿ ಅಂತ. ಬೇರೆ ಕೋಣೆ, ಬೇರೆ ಚಾಪೆ, ಬೇರೆ ಬಟ್ಟೆ, ಹೊರಗಿನವರು ಬರೋ ಹಾಗಿಲ್ಲ, ಗುಳ್ಳೆ ಕೆರೆಯೋ ಹಾಗಿಲ್ಲ, ನೀರು ಹಾಕೋವರೆಗೂ ಎಲ್ಲೂ ಹೋಗೋ ಹಾಗಿಲ್ಲ ಅಂತ ಹೇಳುತ್ತಾ ಹೋದರು. ಅಷ್ಟನ್ನೂ ಮಾಡಿ, ಜೊತೆಗೆ ಬರಿಗೈಯಲ್ಲಿ ಮುಟ್ಟಬೇಡಿ, ಅವನ ಹೊದಿಕೆ ಕೊಡವಬೇಡಿ, ಬಿಸಿನೀರು ಸೋಪಿನಲ್ಲಿ ಬೇರೆಯಾಗಿ ಒಗೆಯಿರಿ, ಸೊಪ್ಪನ್ನು ಮೈಗೆ ಸವರುವ ಬದಲು ಕಿಟಕಿಗೆ ಕಟ್ಟಿ ಅಂದೆ. ಅವರ ತೋಳಿನಲ್ಲಿ ಚಿಕ್ಕಂದಿನಲ್ಲಿ ದೇವಿ, ಅಂದರೆ ಸಿಡುಬಿನ ಲಸಿಕೆ, ಹಾಕಿಸಿದ ಗುರುತು ಇತ್ತು. ಆ ಲಸಿಕೆ ಇದಕ್ಕೂ ಸ್ವಲ್ಪ ಮಟ್ಟಿಗೆ ರಕ್ಷಣೆ ಕೊಡುತ್ತದೆ ಅಂದಾಗ ಆ ಗುರುತನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

ಚಿಕ್ಕಪ್ಪ ನನ್ನನ್ನು ಪಕ್ಕಕ್ಕೆ ಕರೆದರು. "ಇದು ಗಂಡಸರು ಗಂಡಸರ ಜೊತೆ ಹೋದರೆ ಬರೋದಂತಲ್ಲ?" ನಾನು ಹೇಳಿದೆ, ಹಾಗೂ ಬರಬಹುದು, ರೋಗಿಯ ಟವೆಲ್ ಹಾಸಿಗೆ ಹಂಚಿಕೊಂಡರೂ ಬರಬಹುದು, ಆರೈಕೆ ಮಾಡಿದರೂ ಬರಬಹುದು, ಇವನಿಗೆ ಬಂದಿದೆಯಾ ಅನ್ನೋದೇ ಇನ್ನೂ ಗೊತ್ತಿಲ್ಲ. ಅವರು ಇನ್ನೂ ಏನೋ ಕೇಳಬೇಕು ಅಂತಿದ್ದರು, ನಾನು ಅಲ್ಲಿಂದ ಬಂದುಬಿಟ್ಟೆ.

ಆಮೇಲೆ ಸಹೋದ್ಯೋಗಿಯೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. ನೀವು ಅರ್ಧ ಸತ್ಯ ಹೇಳಿದ್ದೀರಿ, ಲೈಂಗಿಕ ಸಂಪರ್ಕ ದೊಡ್ಡ ದಾರಿ ಅಂತ ನೇರವಾಗಿ ಹೇಳಬೇಕಿತ್ತು ಅಂದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಸಾರ್ವಜನಿಕವಾಗಿ ಮಾತಾಡುವಾಗ ಅದನ್ನು ಮುಚ್ಚಲೇಬಾರದು. ಮುಚ್ಚಿದರೆ ಆ ಮಾಹಿತಿ ಯಾರಿಗೆ ಜಾಸ್ತಿ ಬೇಕೋ ಅವರಿಗೇ ತಲುಪುವುದಿಲ್ಲ, ಹಾಗಾಗಿಯೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ಆದರೆ ಕಾರಿಡಾರ್‌ನಲ್ಲಿ ಚಿಕ್ಕಪ್ಪ ಕೇಳಿದ್ದು ಕಾಯಿಲೆಯ ಬಗ್ಗೆ ಅಲ್ಲ, ಒಳಗಿದ್ದ ಹುಡುಗನ ಬಗ್ಗೆ. ಆ ಉತ್ತರ ನನ್ನ ಬಳಿ ಇಟ್ಟ ನಂಬಿಕೆ, ಹಂಚುವುದು ನನ್ನ ಕೆಲಸ ಅಲ್ಲ. ಇವತ್ತು ಒಬ್ಬನ ಗುಟ್ಟು ಹೊರಗೆ ಹೋದರೆ ನಾಳೆ ಹತ್ತು ಜನ ಗುಳ್ಳೆ ಮುಚ್ಚಿಕೊಂಡು ಮನೆಯಲ್ಲೇ ಮಲಗುತ್ತಾರೆ. ಕಾಯಿಲೆ ಹರಡುವುದು ಹಾಗೆ.

ಮೂರನೇ ದಿನ ರಿಪೋರ್ಟ್ ಬಂತು. ಎಂಪಾಕ್ಸ್ ಅಲ್ಲ, ಚಿಕನ್‌ಪಾಕ್ಸ್. ಅವನು ಕೇಳಿಕೊಂಡಿದ್ದೇ ಬಂದಿತ್ತು. ತಾಯಿ ಅಲ್ಲೇ ನಿಂತು ಕೈ ಮುಗಿದರು, ಚಿಕ್ಕಪ್ಪ ಸ್ವೀಟ್ ತರಲು ಹೊರಟರು. ನಾನೂ ಉಸಿರು ಬಿಟ್ಟೆ. ಆಗ ವೈದ್ಯರು ಕೇಳಿದರು, ಮನೆಯಲ್ಲಿ ಯಾರ್ಯಾರು ಇದ್ದಾರೆ?

ಏಳು ತಿಂಗಳ ಬಸುರಿ ತಂಗಿ ಇದ್ದಳು. ಸೀಮಂತಕ್ಕೆ ಅಂತ ತವರಿಗೆ ಬಂದು ಅದೇ ಮನೆಯಲ್ಲಿ ಅಣ್ಣನ ಜೊತೆ ಐದು ದಿನ ಇದ್ದಳು. ನಾವು ಅಷ್ಟು ಹೆದರಿದ ಎಂಪಾಕ್ಸ್‌ಗೆ ಹೆಚ್ಚಾಗಿ ಹತ್ತಿರದ ಸ್ಪರ್ಶ ಬೇಕು. ಯಾರೂ ಹೆದರದ ಅಮ್ಮ ಗಾಳಿಯಲ್ಲೇ ಹರಡುತ್ತಾಳೆ, ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದಲೇ. ಬಸುರಿಗೆ ಅದು ನ್ಯುಮೋನಿಯಾ ತರಬಹುದು, ಹೆರಿಗೆ ಹತ್ತಿರ ಇದ್ದರೆ ಮಗುವಿಗೂ ಅಪಾಯ. ತಡೆಯುವ ಇಂಜೆಕ್ಷನ್ ಇದೆ, ಆದರೆ ಸಂಪರ್ಕವಾದ ಕೆಲವೇ ದಿನಗಳೊಳಗೆ ಕೊಡಬೇಕು. ಸೀಮಂತಕ್ಕೆ ಬಂದೆ ಅಂತ ಅವನು ಮೊದಲ ದಿನವೇ ನನಗೆ ಹೇಳಿದ್ದ. ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದೆ, ಬರೆದುಕೊಂಡೂ ಯೋಚನೆ ಮಾಡಿರಲಿಲ್ಲ. ನನ್ನ ಮನಸ್ಸೆಲ್ಲ ಅವನ ಗುಟ್ಟಿನ ಮೇಲೇ ಇತ್ತು.

ತಂಗಿಯನ್ನು ಅವತ್ತು ಮಧ್ಯಾಹ್ನವೇ ಕರೆಸಿದರು. ಮೂರನೇ ಕ್ಲಾಸಿನಲ್ಲಿ ಇವಳಿಗೆ ಅಮ್ಮ ಆಗಿತ್ತು, ಶಾಲೆಯ ಪ್ರವಾಸ ತಪ್ಪಿತ್ತು ಅಂತ ತಾಯಿ ನೆನಪಿಸಿಕೊಂಡರು. ರಕ್ತ ಪರೀಕ್ಷೆಯಲ್ಲೂ ರೋಗನಿರೋಧಕ ಶಕ್ತಿ ಇರುವುದು ಕಂಡಿತು. ಅವಳಿಗೆ ಏನೂ ಆಗಲಿಲ್ಲ. ಹುಡುಗನ ಗುಳ್ಳೆ ಒಣಗಿ, ನೀರು ಹಾಕಿಸಿಕೊಂಡು, ಸೀಮಂತ ಮುಗಿಸಿ ಹೊರಟ. ಹೋಗುವ ಮುಂಚೆ ಬಂದು ಎರಡೂ ಅಂಗೈ ತಿರುಗಿಸಿ ತೋರಿಸಿದ, ಕಲೆ ಮಾತ್ರ ಉಳಿದಿತ್ತು. ಅಲ್ಲಿರುವ ಅವನು ಚೆನ್ನಾಗಿದ್ದಾನಂತೆ.

ಈಗ ಮೈಮೇಲೆ ಗುಳ್ಳೆ ಅಂತ ಯಾರು ಬಂದರೂ, ಅವರು ಯಾವ ಕಾಯಿಲೆಯ ಹೆಸರು ಹೇಳಿಕೊಂಡು ಬಂದಿದ್ದರೂ, ನಾನು ಮೊದಲು ಕೇಳುವುದು ಮನೆಯಲ್ಲಿ ಬಸುರಿ, ಎಳೆ ಮಗು, ಕ್ಯಾನ್ಸರ್‌ಗೋ ಎಚ್‌ಐವಿಗೋ ಔಷಧಿ ತೆಗೆದುಕೊಳ್ಳುವವರು ಯಾರಾದರೂ ಇದ್ದಾರಾ ಅಂತ. ಯಾರ ಜೊತೆ ಇದ್ದಿರಿ ಅನ್ನೋದು ಆಮೇಲೆ, ಬಾಗಿಲು ಹಾಕಿಕೊಂಡು.