5600ಜಿ ಪ್ರೊಸೆಸರ್, ಬಿ450 ಬೋರ್ಡ್, ಸರ್ವರ್ ರ‍್ಯಾಮ್: ಮೂರೂ ಒಂದಕ್ಕೊಂದು ಹೊಂದುತ್ತವಾ?

ಹೊಂದುವುದಿಲ್ಲ. ಆ ರ‍್ಯಾಮ್‌ಗೆ ಇನ್ನೂ ದುಡ್ಡು ಕೊಟ್ಟಿಲ್ಲ ಅಂದರೆ ಕೊಡಬೇಡಿ.

ನಿಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಮತ್ತೆ ಹೇಳಿಬಿಡುತ್ತೇನೆ, ಆಮೇಲೆ ಓದುವವರಿಗೂ ಅನುಕೂಲ. ಮನೆಯವರ ಫೋಟೋ, ಕಾಗದಪತ್ರ ಇಡಲು, ಟಿವಿಯಲ್ಲಿ ಸಿನಿಮಾ ನೋಡಲು ದಿನವಿಡೀ ಓಡುವ ಒಂದು ಸರ್ವರ್ ಕಟ್ಟಬೇಕು. ರೈಜನ್ 5 5600ಜಿ ಪ್ರೊಸೆಸರ್ ನಿಮ್ಮ ಹತ್ತಿರ ಇದೆ. ಗೆಳೆಯರೊಬ್ಬರು ಹಳೆಯ ಬಿ450 ಮದರ್‌ಬೋರ್ಡ್ ಕೊಡುತ್ತಾರೆ. ಎಸ್‌ಪಿ ರೋಡಿನ ಅಂಗಡಿಯಲ್ಲಿ 16 ಜಿಬಿಯ ಎರಡು ಸರ್ವರ್ ರ‍್ಯಾಮ್ ಕಡಿಮೆ ಬೆಲೆಗೆ ಸಿಗುತ್ತಿದೆ. ಸ್ಟಿಕರ್ ಮೇಲೆ '2ಆರ್‌ಎಕ್ಸ್4 ಪಿಸಿ4-2400ಟಿ-ಆರ್‌ಎ1' ಎಂದಿದೆ. ಸ್ಲಾಟ್‌ಗೆ ಸರಿಯಾಗಿ ಕೂರುತ್ತೆ ಅಂತ ಅಂಗಡಿಯವರು ಹೇಳಿದ್ದಾರೆ. ತಗೋಬಹುದಾ ಎಂದು ಕೇಳಿದ್ದೀರಿ.

ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ನಿಜವಾಗಿಯೂ ಕೂರುತ್ತದೆ. ಡಿಡಿಆರ್4ರಲ್ಲಿ ಮಾಮೂಲಿ ರ‍್ಯಾಮ್‌ಗೂ 288 ಪಿನ್, ಸರ್ವರ್ ರ‍್ಯಾಮ್‌ಗೂ 288 ಪಿನ್. ಕೆಳಗಿನ ಕಚ್ಚು ಕೂಡ ಒಂದೇ ಜಾಗದಲ್ಲಿದೆ. ಆದರೆ ಪವರ್ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ ಅಷ್ಟೇ, ಪರದೆಯ ಮೇಲೆ ಏನೂ ಬರುವುದಿಲ್ಲ. ಸ್ಲಾಟ್‌ಗೆ ಕೂರುವುದೇ ಬೇರೆ, ಹೊಂದುವುದೇ ಬೇರೆ. ಪಾರ್ಟ್ಸ್ ಕೊಳ್ಳುವಾಗ ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ಆ ಸ್ಟಿಕರ್ ಓದುವುದನ್ನು ಒಮ್ಮೆ ಕಲಿತುಬಿಡಿ, ಮುಂದೆ ಯಾರನ್ನೂ ಕೇಳಬೇಕಾಗಿಲ್ಲ. 'ಪಿಸಿ4' ಅಂದರೆ ಡಿಡಿಆರ್4. 2400 ಅದರ ವೇಗ. ಪಕ್ಕದ 'ಟಿ' ಟೈಮಿಂಗ್‌ಗೆ ಸಂಬಂಧಿಸಿದ್ದು, ಅದನ್ನು ಬಿಡಿ. ಆಮೇಲೆ ಅಡ್ಡಗೆರೆ ಹಾಕಿ ಬರೆದಿರುವ ಮೊದಲ ಅಕ್ಷರವೇ ಮುಖ್ಯ. ಅಲ್ಲಿ 'ಯು' ಇದ್ದರೆ ಮಾಮೂಲಿ ಅನ್‌ಬಫರ್ಡ್ ರ‍್ಯಾಮ್. 'ಇ' ಇದ್ದರೆ ಅನ್‌ಬಫರ್ಡ್, ಜೊತೆಗೆ ಇಸಿಸಿ, ಅಂದರೆ ಮಾಹಿತಿಯಲ್ಲಿ ಬರುವ ತಪ್ಪು ತಿದ್ದುವ ವ್ಯವಸ್ಥೆ. 'ಎಸ್' ಇದ್ದರೆ ಲ್ಯಾಪ್‌ಟಾಪಿನದು. 'ಆರ್' ಇದ್ದರೆ ರಿಜಿಸ್ಟರ್ಡ್, 'ಎಲ್' ಇದ್ದರೆ ಲೋಡ್ ರಿಡ್ಯೂಸ್ಡ್. ಈ ಕೊನೆಯ ಎರಡೂ ದೊಡ್ಡ ಸರ್ವರ್‌ಗಳಿಗೆ ಮಾತ್ರ. ನಿಮಗೆ ತೋರಿಸಿದ್ದು 'ಆರ್'.

ಸ್ಟಿಕರ್ ಕಿತ್ತುಹೋಗಿದ್ದರೆ ಚಿಪ್ ಎಣಿಸಿ. ಡಿಡಿಆರ್4ರಲ್ಲಿ ಒಟ್ಟು 4, 8 ಅಥವಾ 16 ಕರಿ ಚಿಪ್ ಇದ್ದರೆ ಇಸಿಸಿ ಇಲ್ಲ. 9, 18 ಅಥವಾ 36 ಇದ್ದರೆ ಇಸಿಸಿ ಇದೆ. ಇವುಗಳ ಜೊತೆಗೆ ಸ್ಟಿಕ್‌ನ ನಟ್ಟನಡುವೆ ಬೇರೆ ಆಕಾರದ ಇನ್ನೊಂದು ಚಿಪ್ ಕಂಡರೆ ಅದು ರಿಜಿಸ್ಟರ್ಡ್. ಆ ನಡುವಿನ ಚಿಪ್ಪಿಗೇ ರಿಜಿಸ್ಟರ್ ಎನ್ನುತ್ತಾರೆ. ಪ್ರೊಸೆಸರ್ ಕಳಿಸುವ ಆದೇಶವನ್ನು ಅದು ಮೊದಲು ತಾನು ಹಿಡಿದುಕೊಂಡು, ಆಮೇಲೆ ಉಳಿದ ಚಿಪ್‌ಗಳಿಗೆ ದಾಟಿಸುತ್ತದೆ. ಇದರಿಂದ ಒಂದು ಬೋರ್ಡಿಗೆ ತುಂಬಾ ರ‍್ಯಾಮ್ ಹಾಕಬಹುದು. ಆದರೆ ಹೀಗೊಂದು ಚಿಪ್ ನಡುವೆ ಇದೆ ಅಂತ ಪ್ರೊಸೆಸರ್‌ಗೆ ಗೊತ್ತಿರಬೇಕು. ಮನೆಬಳಕೆಯ ರೈಜನ್‌ಗಾಗಲಿ, ಕೋರ್ ಐ5ಗಾಗಲಿ ಅದು ಗೊತ್ತಿಲ್ಲ.

ಪ್ರೊಸೆಸರ್‌ಗೆ ಯಾಕೆ ಗೊತ್ತಿರಬೇಕು, ರ‍್ಯಾಮ್ ಕೂರುವುದು ಬೋರ್ಡ್ ಮೇಲೆ ಅಲ್ವಾ ಅನ್ನಿಸಬಹುದು. ಹಿಂದೆ ರ‍್ಯಾಮ್ ಜೊತೆ ಮಾತಾಡುವ ಮೆಮರಿ ಕಂಟ್ರೋಲರ್ ಬೋರ್ಡ್ ಮೇಲೇ ಇರುತ್ತಿತ್ತು. ಎಎಂಡಿ 2003ರಲ್ಲಿ ಅಥ್ಲಾನ್ 64 ಜೊತೆ, ಇಂಟೆಲ್ 2008ರಲ್ಲಿ ಮೊದಲ ಕೋರ್ ಐ7 ಜೊತೆ ಅದನ್ನು ಪ್ರೊಸೆಸರ್ ಒಳಗೆ ಸೇರಿಸಿದವು. ಈಗ ಯಾವ ಬಗೆಯ ರ‍್ಯಾಮ್ ನಡೆಯುತ್ತದೆ ಎಂದು ತೀರ್ಮಾನಿಸುವುದು ಮೊದಲು ಪ್ರೊಸೆಸರ್. ಬೋರ್ಡ್ ಅದಕ್ಕೆ ಬೇಕಾದ ತಂತಿ ಎಳೆದಿರಬೇಕು, ಬೋರ್ಡಿನೊಳಗಿನ ಮೂಲ ತಂತ್ರಾಂಶವಾದ ಬಯಾಸ್ ಒಪ್ಪಿರಬೇಕು. ಮೂವರಲ್ಲಿ ಒಬ್ಬರು ಬೇಡ ಅಂದರೂ ಕೆಲಸ ನಡೆಯುವುದಿಲ್ಲ. ಅದಕ್ಕೇ ನಾನು ಯಾರಿಗೆ ಹೇಳಿದರೂ ಮೊದಲು ರ‍್ಯಾಮ್ ಬಗೆ ತೀರ್ಮಾನಿಸಿ ಅನ್ನುತ್ತೇನೆ. ಅದು ಆದರೆ ಪ್ರೊಸೆಸರ್ ಪಟ್ಟಿ ಚಿಕ್ಕದಾಗುತ್ತದೆ, ಬೋರ್ಡ್ ಪಟ್ಟಿ ಇನ್ನೂ ಚಿಕ್ಕದಾಗುತ್ತದೆ.

ಹಾಗಾದರೆ 'ಇ' ಅಕ್ಷರದ ರ‍್ಯಾಮ್ ತಗೊಂಡರೆ ಆಯ್ತಲ್ಲ ಎಂದು ನೀವು ಕೇಳಬಹುದು. ಇದು ಮೊದಲಿನದಕ್ಕಿಂತ ದೊಡ್ಡ ಬಲೆ, ಏಕೆಂದರೆ ಯಂತ್ರ ಆನ್ ಆಗುತ್ತದೆ, ಎಲ್ಲ ಸರಿಯಾಗಿಯೇ ಕಾಣುತ್ತದೆ. ಇಸಿಸಿ ರ‍್ಯಾಮ್ ಪ್ರತಿ 64 ಬಿಟ್ ಮಾಹಿತಿಗೆ 8 ಬಿಟ್ ಪರೀಕ್ಷೆಯ ಬಿಟ್ ಸೇರಿಸಿ 72 ಬಿಟ್ ಇಡುತ್ತದೆ. ಒಂದು ಬಿಟ್ ತಪ್ಪಿದರೆ ತಿದ್ದಬಹುದು, ಎರಡು ತಪ್ಪಿದರೆ ಕನಿಷ್ಠ ತಪ್ಪಿದೆ ಅಂತ ಗೊತ್ತಾಗುತ್ತದೆ. ಈ ತಿದ್ದುವ ಕೆಲಸ ಪ್ರೊಸೆಸರ್‌ನದು. 5600ಜಿಯಲ್ಲಿ ಎಎಂಡಿ ಅದನ್ನು ಕೊಟ್ಟಿಲ್ಲ. ಅದೇ ತಲೆಮಾರಿನ ರೈಜನ್ 5 ಪ್ರೋ 5650ಜಿಯಲ್ಲಿ ಕೊಟ್ಟಿದೆ. ಗ್ರಾಫಿಕ್ಸ್ ಇಲ್ಲದ ರೈಜನ್ 5 5600ರಲ್ಲಿಯೂ, ಬೋರ್ಡ್ ಒಪ್ಪಿದರೆ, ಇಸಿಸಿ ಕೆಲಸ ಮಾಡುತ್ತದೆ. 5500ರಲ್ಲಿ ಮಾಡುವುದಿಲ್ಲ, ಯಾಕೆಂದರೆ ಅದು 5600ಜಿಯದೇ ಚಿಪ್, ಗ್ರಾಫಿಕ್ಸ್ ಬಂದ್ ಮಾಡಿ ಮಾರುವುದು. ನಿಮ್ಮ 5600ಜಿಗೆ ಇಸಿಸಿ ಸ್ಟಿಕ್ ಹಾಕಿದರೆ ಆ ಹೆಚ್ಚಿನ 8 ಬಿಟ್ ಸುಮ್ನೆ ಕೂತಿರುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ.

ಬೋರ್ಡ್ ವಿಷಯವೂ ಅಷ್ಟೇ. ಕೆಲವು ಕಂಪನಿಗಳ ಸ್ಪೆಕ್ ಪುಟದಲ್ಲಿ 'ಇಸಿಸಿ ರ‍್ಯಾಮ್ ನಾನ್-ಇಸಿಸಿ ಮೋಡ್‌ನಲ್ಲಿ ಕೆಲಸ ಮಾಡುತ್ತದೆ' ಎಂಬ ಸಾಲಿರುತ್ತದೆ. ಓದುವಾಗ ಒಳ್ಳೆಯ ಸುದ್ದಿಯ ಹಾಗೆ ಕಾಣುತ್ತದೆ. ಅರ್ಥ ಮಾತ್ರ, ಹಾಕಿಕೊಳ್ಳಿ, ಆದರೆ ತಿದ್ದುವುದಿಲ್ಲ ಅಂತ. ಎಎಂ4ನಲ್ಲಿ (ನಿಮ್ಮ ಪ್ರೊಸೆಸರ್ ಕೂರುವ ಸಾಕೆಟ್) ಅಸೂಸ್ ಮತ್ತು ಎಎಸ್‌ರಾಕ್‌ನ ಎಷ್ಟೋ ಬೋರ್ಡ್‌ಗಳ ಪುಟದಲ್ಲಿ ಯಾವ ಪ್ರೊಸೆಸರ್ ಜೊತೆ ಇಸಿಸಿ ನಡೆಯುತ್ತದೆ ಎಂದು ಬಿಡಿಸಿ ಬರೆದಿರುತ್ತಾರೆ. ಎಪಿಯು (ಗ್ರಾಫಿಕ್ಸ್ ಸೇರಿರುವ ಪ್ರೊಸೆಸರ್) ಆದರೆ ಪ್ರೋ ಮಾತ್ರ ಎಂಬ ಅಡಿಟಿಪ್ಪಣಿ ಕಂಡರೆ ಆ ಪುಟ ನಂಬಬಹುದು.

ಈಗ ಮುಖ್ಯ ಪ್ರಶ್ನೆ, ಮನೆಗೆ ಇಸಿಸಿ ಬೇಕೇ ಬೇಕಾ? 2009ರಲ್ಲಿ ಗೂಗಲ್ ತನ್ನ ಸರ್ವರ್‌ಗಳ ಮೇಲಿನ ದೊಡ್ಡ ಅಧ್ಯಯನವೊಂದನ್ನು ಪ್ರಕಟಿಸಿತು. ವರ್ಷಕ್ಕೆ ಶೇ 8ಕ್ಕಿಂತ ಹೆಚ್ಚು ರ‍್ಯಾಮ್ ಸ್ಟಿಕ್‌ಗಳಲ್ಲಿ ತಿದ್ದಬಹುದಾದ ತಪ್ಪು ಒಮ್ಮೆಯಾದರೂ ಕಂಡಿತ್ತು. ಅಂದರೆ ಇದು ಬರೀ ಪುಸ್ತಕದ ಭಯ ಅಲ್ಲ. ಫೋಟೋ ಫೋನಿನಿಂದ ಸರ್ವರ್‌ಗೆ ಬರುವಾಗ ಮೊದಲು ರ‍್ಯಾಮ್‌ಗೆ ಇಳಿಯುತ್ತದೆ. ಅಲ್ಲಿ ಒಂದು ಬಿಟ್ ಕೆಟ್ಟರೆ ಝಡ್‌ಎಫ್‌ಎಸ್‌ನಂಥ ಫೈಲ್ ಸಿಸ್ಟಂ ಆ ಕೆಟ್ಟ ಫೋಟೋಗೇ ಚೆಕ್‌ಸಮ್ (ಆಮೇಲೆ ಮಾಹಿತಿ ಬದಲಾಗಿದೆಯಾ ಎಂದು ತಾಳೆ ನೋಡುವ ಸಂಖ್ಯೆ) ಹಾಕಿ ಜೋಪಾನವಾಗಿ ಡಿಸ್ಕಿನಲ್ಲಿ ಇಡುತ್ತದೆ. ಹತ್ತು ವರ್ಷದ ಮೇಲೆ ತೆಗೆದು ನೋಡಿದಾಗ ಅರ್ಧ ಚಿತ್ರ ಬೂದು ಬಣ್ಣ. ಮಕ್ಕಳ ಫೋಟೋ ವಿಷಯದಲ್ಲಿ ಇದು ಸಣ್ಣ ಮಾತಲ್ಲ.

ಆದರೂ ಇಸಿಸಿ ಇಲ್ಲದೆ ಝಡ್‌ಎಫ್‌ಎಸ್ ಹಾಕಲೇಬಾರದು ಎನ್ನುವವರ ಮಾತು ಕೇಳಬೇಡಿ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಮ್ಯಾಟ್ ಆರೆನ್ಸ್ ಅವರೇ, ಬೇರೆ ಫೈಲ್ ಸಿಸ್ಟಂಗಳಿಗಿಂತ ಇದಕ್ಕೆ ಇಸಿಸಿ ಹೆಚ್ಚಾಗಿ ಬೇಕು ಅನ್ನುವಂಥದ್ದೇನೂ ಇಲ್ಲ ಎಂದಿದ್ದಾರೆ. ನನ್ನ ಅಭಿಪ್ರಾಯ ಇಷ್ಟು: ಬೇರೊಂದು ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೊಂದು ಮನೆಯಲ್ಲಿ, ಎರಡನೇ ಪ್ರತಿ ಇಡುವುದು ಮೊದಲು. ಕರೆಂಟ್ ಹೋದಾಗ ಸರ್ವರ್ ತಾನೇ ಸರಿಯಾಗಿ ಆಫ್ ಆಗುವಂಥ ಯುಪಿಎಸ್ ಎರಡನೆಯದು. ಈ ಎರಡೂ ಆದ ಮೇಲೆ ದುಡ್ಡು ಉಳಿದರೆ ಇಸಿಸಿ ಖಂಡಿತ ಹಾಕಿಸಿ.

ನಿಮ್ಮ ಮುಂದೆ ಮೂರು ದಾರಿ ಇವೆ. ನಾನಾದರೆ ಮೊದಲನೆಯದನ್ನೇ ಹಿಡಿಯುತ್ತೇನೆ: 5600ಜಿ ಇಟ್ಟುಕೊಳ್ಳಿ, ಸರ್ವರ್ ರ‍್ಯಾಮ್ ಬಿಡಿ, 'ಯು' ಅಕ್ಷರದ ಡಿಡಿಆರ್4 3200 ಸ್ಟಿಕ್ ಎರಡು ತಗೊಳ್ಳಿ. ಇಂಥ ಸರ್ವರ್ ನಡೆಸುವ ಆಪರೇಟಿಂಗ್ ಸಿಸ್ಟಂ ಟ್ರೂನ್ಯಾಸ್‌ಗೆ ಕನಿಷ್ಠ 8 ಜಿಬಿ ಬೇಕು. ಅದರ ಮೇಲೆ ಫೋಟೋ ಆ್ಯಪ್, ಸಿನಿಮಾ ತೋರಿಸುವ ಜೆಲ್ಲಿಫಿನ್ ಓಡಿಸಲು ಒಟ್ಟು 16 ಜಿಬಿ ಸಾಕು, 32 ಆದರೆ ಆರಾಮ. ಒಂದು ಟೆರಾಬೈಟ್ ಡಿಸ್ಕಿಗೆ ಒಂದು ಜಿಬಿ ರ‍್ಯಾಮ್ ಎಂಬ ಲೆಕ್ಕ ಮನೆಗೆ ಬೇಡ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಹಾಗಾಗಿ ಒಳ್ಳೆಯ ಸೆಕೆಂಡ್ ಹ್ಯಾಂಡ್ ಡಿಡಿಆರ್4 ಸಿಕ್ಕರೆ ಸಂಕೋಚ ಬೇಡ, ಪರೀಕ್ಷೆ ಮಾಡಿ ತಗೊಳ್ಳಿ. 4 ಸ್ಲಾಟ್ ಇರುವ ಬೋರ್ಡ್‌ನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿ.

ಎರಡನೆಯದು ಇಸಿಸಿ ದಾರಿ. 5600ಜಿ ಮಾರಿ 5650ಜಿ ತಗೊಳ್ಳಿ, 'ಇ' ರ‍್ಯಾಮ್ ಹಾಕಿ, ಬೋರ್ಡಿನ ಪುಟ ನೋಡಿ. ಒಂದು ಎಚ್ಚರ: ರೈಜನ್ ಪ್ರೋ ಹೆಚ್ಚಾಗಿ ಆಫೀಸ್ ಡೆಸ್ಕ್‌ಟಾಪ್‌ಗಳಿಂದ ಬಿಚ್ಚಿದ್ದು ಬರುತ್ತದೆ. ಅವುಗಳಲ್ಲಿ ಕೆಲವು ಆ ಕಂಪನಿಯ ಬೋರ್ಡಿಗೇ ಲಾಕ್ ಆಗಿರುತ್ತವೆ, ಬೇರೆ ಬೋರ್ಡಿನಲ್ಲಿ ಏಳುವುದೇ ಇಲ್ಲ. ಮಾರುವವರು ಬೇರೆ ಬೋರ್ಡಿನಲ್ಲಿ ಓಡಿಸಿ ತೋರಿಸಿದರೆ ಮಾತ್ರ ಕೊಳ್ಳಿ. ಇಂಟೆಲ್ ಕಡೆ ಹೋದರೆ ಐ5-12500 ಜೊತೆ ಇಸಿಸಿ ನಡೆಯುತ್ತದೆ, ಆದರೆ ಅದಕ್ಕೆ ಡಬ್ಲ್ಯೂ680 ಚಿಪ್‌ಸೆಟ್‌ನ ಬೋರ್ಡ್ ಬೇಕು. ಅದು ನಮ್ಮ ಕಡೆ ಸುಲಭವಾಗಿ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಅದಕ್ಕಿಂತ ಸಿ246 ಚಿಪ್‌ಸೆಟ್‌ನ ರಿಫರ್ಬಿಷ್ಡ್ ವರ್ಕ್‌ಸ್ಟೇಷನ್ ನೋಡಿ. ಡೆಲ್ ಪ್ರಿಸಿಷನ್ 3630, ಲೆನೊವೊ ಪಿ330 ಟವರ್, ಎಚ್‌ಪಿ ಝಡ್2 ಜಿ4 ಟವರ್ ಇಂಥವು. ಒಳಗೆ ಇಂಟೆಲ್‌ನ ಸರ್ವರ್ ಬಗೆಯ ಪ್ರೊಸೆಸರ್ ಝಿಯಾನ್ ಇ ಇದ್ದರೆ ಇಸಿಸಿ ಜೊತೆಗೇ ಬಂತು. ರ‍್ಯಾಮ್ ಮಾತ್ರ ಇಲ್ಲೂ 'ಇ' ಆಗಿರಬೇಕು, 'ಆರ್' ಅಲ್ಲ.

ಮೂರನೆಯದು ಆ ಅಗ್ಗದ 'ಆರ್' ರ‍್ಯಾಮನ್ನೇ ಇಟ್ಟುಕೊಂಡು ಅದಕ್ಕೆ ಹೊಂದುವ ಹಳೆಯ ಝಿಯಾನ್ ಇ5 ವಿ4 ಮತ್ತು ಎಕ್ಸ್99 ಬೋರ್ಡ್ ಹುಡುಕುವುದು. ಕೊಳ್ಳುವಾಗ ಅಗ್ಗ, ಆಮೇಲೆ ಅಲ್ಲ. ಇಂಥ ಯಂತ್ರ ಏನೂ ಕೆಲಸವಿಲ್ಲದೆ ಕೂತಾಗಲೂ ಸುಮಾರು 70 ವ್ಯಾಟ್ ಎಳೆದರೆ ತಿಂಗಳಿಗೆ 50 ಯೂನಿಟ್. 5600ಜಿ 25 ವ್ಯಾಟ್‌ನಲ್ಲಿ ಕೂತರೆ 18 ಯೂನಿಟ್. ಗೃಹಜ್ಯೋತಿ ಇರುವ ಮನೆಯಲ್ಲಿ ಈ ಲೆಕ್ಕ ಮುಖ್ಯ. ಅಲ್ಲಿ ಉಚಿತ ಸಿಗುವುದು 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಸಾಮಾನ್ಯವಾಗಿ ಶೇ 10. ಅದಕ್ಕಿಂತ ಹೆಚ್ಚಾದ ಯೂನಿಟ್‌ಗೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 160 ಯೂನಿಟ್ ಬಳಸುವ ಮನೆಗೆ ಆ 50 ಸೇರಿದರೆ ಗಡಿ ದಾಟಿಯೇ ಹೋಯಿತು.

ನಿಮ್ಮ ಬಿ450 ಬೋರ್ಡಿಗೆ ಬರೋಣ. ಬಿ450 ಬಂದದ್ದು 2018ರಲ್ಲಿ, 5600ಜಿ ಅಂಗಡಿಗೆ ಬಂದದ್ದು 2021ರಲ್ಲಿ. ಹಳೆಯ ಬಯಾಸ್ ಇದ್ದರೆ ಪ್ರೊಸೆಸರ್ ಗುರುತು ಹಿಡಿಯುವುದಿಲ್ಲ. ಗೆಳೆಯರ ಹಳೆಯ ಪ್ರೊಸೆಸರ್ ಇನ್ನೂ ಬೋರ್ಡಿನಲ್ಲೇ ಇದ್ದರೆ, ಬಿಚ್ಚುವ ಮೊದಲೇ ಅವರ ಮನೆಯಲ್ಲೇ ಬಯಾಸ್ ಅಪ್‌ಡೇಟ್ ಮಾಡಿಸಿಕೊಂಡು ಬನ್ನಿ. ಕೆಲವು ಬೋರ್ಡ್‌ಗಳಲ್ಲಿ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಮಾಡುವ ಬಟನ್ ಇರುತ್ತದೆ, ಅದೂ ಆಗುತ್ತದೆ. ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್ ಎಷ್ಟಿವೆ ನೋಡಿ. ಎಂ.2 ಸ್ಲಾಟ್‌ಗೆ ಡ್ರೈವ್ ಹಾಕಿದರೆ ಕೆಲವು ಬೋರ್ಡ್‌ಗಳಲ್ಲಿ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ. ಮ್ಯಾನುಯಲ್‌ನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ಮುಂದೆ ಇಂಟೆಲ್ ಕೊಳ್ಳುವವರಿಗೆ ಒಂದೆರಡು ಮಾತು. ಎಲ್‌ಜಿಎ1700 ಸಾಕೆಟ್‌ನ ಪ್ರೊಸೆಸರ್ ಡಿಡಿಆರ್4 ಮತ್ತು ಡಿಡಿಆರ್5 ಎರಡನ್ನೂ ಬಲ್ಲದು, ಆದರೆ ಸಾಮಾನ್ಯವಾಗಿ ಒಂದು ಬೋರ್ಡ್ ಒಂದಕ್ಕೇ. 6, 7ನೇ ತಲೆಮಾರಿನ ಬೋರ್ಡಿಗೆ 8, 9ನೇ ತಲೆಮಾರಿನ ಪ್ರೊಸೆಸರ್ ಹಾಕಬೇಡಿ. ಎರಡೂ ಎಲ್‌ಜಿಎ1151, ಕೂರುತ್ತದೆ, ಓಡುವುದಿಲ್ಲ. ಹೆಸರಿನ ಕೊನೆಗೆ 'ಎಫ್' ಇದ್ದರೆ ಗ್ರಾಫಿಕ್ಸ್ ಇಲ್ಲ. ಡಿಡಿಆರ್5ರಲ್ಲಿ 'ಆನ್-ಡೈ ಇಸಿಸಿ' ಎಂದು ಜಾಹೀರಾತಿದ್ದರೆ ಮರುಳಾಗಬೇಡಿ. ಅದು ಚಿಪ್ ಒಳಗಿನ ತಪ್ಪು ಮಾತ್ರ ತಿದ್ದುತ್ತದೆ, ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯನ್ನು ಕಾಯುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ಡಿಸ್ಕ್ ಹಾಕುವ ಮೊದಲು ಒಂದು ರಾತ್ರಿ ಪೂರ್ತಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ. ಒಂದೇ ಒಂದು ತಪ್ಪು ಬಂದರೂ ಆ ಸ್ಟಿಕ್ ವಾಪಸ್ ಕೊಡಿ. ಇಸಿಸಿ ಹಾಕಿದವರು ಲಿನಕ್ಸ್‌ನಲ್ಲಿ ಡಿಎಂಐಡಿಕೋಡ್ ಎಂಬ ಕಮಾಂಡ್ ಕೊಟ್ಟು ನೋಡಿ. ಒಟ್ಟು ಅಗಲ 72 ಬಿಟ್, ಮಾಹಿತಿಯ ಅಗಲ 64 ಬಿಟ್ ಎಂದು ಬರಬೇಕು. ಎರಡೂ ಕಡೆ 64 ಬಂದರೆ ಇಸಿಸಿ ಇಲ್ಲ. 72 ಬಂದರೂ ಅಷ್ಟಕ್ಕೇ ನಿಲ್ಲಿಸಬೇಡಿ, ಕರ್ನಲ್ ಲಾಗ್‌ನಲ್ಲಿ ರ‍್ಯಾಮ್ ತಪ್ಪುಗಳನ್ನು ವರದಿ ಮಾಡುವ ಇಡ್ಯಾಕ್ ಡ್ರೈವರ್ ಎದ್ದಿದೆಯಾ ಅಂತಲೂ ನೋಡಿ.

ಬಿ450 ಬೋರ್ಡಿನ ಪೂರ್ತಿ ಮಾದರಿ ಹೆಸರು ಮತ್ತು ಈಗಿರುವ ಬಯಾಸ್ ಆವೃತ್ತಿ ಇಲ್ಲೇ ಬರೆಯಿರಿ. ಎಷ್ಟು ಡಿಸ್ಕ್ ಹಾಕುತ್ತೀರಿ ಅಂತಲೂ ಹೇಳಿ. ಮ್ಯಾನುಯಲ್ ತೆಗೆದು ಯಾವ ಪೋರ್ಟ್ ಬಿಡಬೇಕು, ಯಾವ ರ‍್ಯಾಮ್ ಪಾರ್ಟ್ ನಂಬರ್ ಪಟ್ಟಿಯಲ್ಲಿದೆ ಎಂದು ನೋಡಿ ತಿಳಿಸುತ್ತೇನೆ.