ಹೆಡ್‌ಲೈಟ್ ಮಿಣುಕಿದರೆ ಮೊದಲು ಕಪ್ಪು ವೈರ್ ನೋಡಿ

ರಾತ್ರಿ ಕಾರಿನ ಹೆಡ್‌ಲೈಟ್ ಮಿಣುಕುತ್ತದೆ, ಮನೆಯಲ್ಲೇ ಸರಿ ಮಾಡಿಕೊಳ್ಳಬಹುದಾ, ಇಲ್ಲಾ ಗ್ಯಾರೇಜಿನವರು ಹೇಳಿದ ಹಾಗೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಭಾಗ) ಬದಲಿಸಬೇಕಾ ಅಂತ ಕೇಳಿದ್ದೀರಿ. ಆಲ್ಟರ್ನೇಟರ್‌ಗೆ ಈಗಲೇ ದುಡ್ಡು ಹಾಕಬೇಡಿ. ಒಂದು ಲೈಟ್ ಮಿಣುಕುತ್ತದೋ ಎರಡೂ ಮಿಣುಕುತ್ತವೋ ಅಂತ ನೀವು ಬರೆದೇ ಇಲ್ಲ. ಅರ್ಧ ಉತ್ತರ ಅದರಲ್ಲೇ ಇದೆ.

ನಾನು ಜಮಖಂಡಿಯವನು, ನನ್ನದು ಹಳೇ ಪೆಟ್ರೋಲ್ ಕಾರು. ಹೋದ ವರ್ಷ ಕಬ್ಬಿನ ಸೀಸನ್‌ನಲ್ಲಿ ಮುಧೋಳದಿಂದ ರಾತ್ರಿ ವಾಪಸ್ ಬರುವಾಗ ಎಡಗಡೆ ಲೈಟ್ ಆರೋದು, ಹತ್ತೋದು ಶುರು ಮಾಡಿತು. ಆ ರಸ್ತೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ: ಎರಡೆರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್, ಹಿಂದೆ ಒಂದು ರೇಡಿಯಂ ಪಟ್ಟಿ ಕೂಡ ಇರೋದಿಲ್ಲ, ಮುಂದೆ ಹಾಡು ಮಾತ್ರ ಜೋರು. ಅಂಥದೊಂದು ಟ್ರೇಲರ್ ನನಗೆ ಕಂಡದ್ದು ಹತ್ತು ಮಾರು ದೂರದಲ್ಲಿ. ಮರುದಿನವೇ ಒಂದು ಅಂಗಡಿಗೆ ಹೋದೆ, ಬ್ಯಾಟರಿ ವೀಕ್ ಅಂದರು, ಹೊಸದು ಹಾಕಿಸಿಕೊಂಡು ಬಂದೆ. ಒಂದೇ ಕಡೆಯ ಲೈಟ್ ಮಿಣುಕೋದಕ್ಕೆ ಬ್ಯಾಟರಿ ಹೇಗೆ ಕಾರಣ ಆದೀತು ಅಂತ ನನಗೂ ಹೊಳೆಯಲಿಲ್ಲ, ಮಾರಿದವರಿಗೂ ಹೊಳೆಯಲಿಲ್ಲ. ಎರಡೂ ಲೈಟಿಗೆ ಕರೆಂಟ್ ಹೋಗೋದು ಅದೇ ಬ್ಯಾಟರಿಯಿಂದ ಅಲ್ವಾ?

ಅದಕ್ಕೇ ಮೊದಲು ಗೋಡೆ ಪರೀಕ್ಷೆ ಮಾಡಿ. ಕತ್ತಲಾದ ಮೇಲೆ ಕಾರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಎಂಜಿನ್ ಆನ್, ಲೈಟ್ ಆನ್. ಮನೆಯವರು ಯಾರಾದರೂ ಒಳಗೆ ಕೂತು ಗೇರ್ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಆಕ್ಸಿಲರೇಟರ್ ಸ್ವಲ್ಪ ಸ್ವಲ್ಪ ಒತ್ತಲಿ. ಎರಡೂ ಬೆಳಕು ಎಂಜಿನ್ ಸದ್ದಿನ ಜೊತೆ ಏರಿಳಿದರೆ ಅದು ಚಾರ್ಜಿಂಗ್ ಕಡೆಯ ಮಾತು. ಒಂದೇ ಲೈಟ್ ಮಿಣುಕಿದರೆ ತೊಂದರೆ ಆ ಲೈಟಿನ ಹತ್ತಿರದಲ್ಲೇ ಇದೆ. ಎಂಜಿನ್ ಆಫ್ ಮಾಡಿ, ಲೈಟ್ ಆನ್ ಇರುವಾಗಲೇ ಬಾನೆಟ್ ಎತ್ತಿ ಆ ಲೈಟಿನ ಹಿಂದಿನ ವೈರನ್ನು ಮೆಲ್ಲಗೆ ಅಲ್ಲಾಡಿಸಿ. ಎಲ್ಲಿ ಅಲ್ಲಾಡಿಸಿದಾಗ ಗೋಡೆ ಮೇಲೆ ಬೆಳಕು ಮಿಣುಕುತ್ತದೋ, ಕಳ್ಳ ಅಲ್ಲೇ.

ನನ್ನ ಅನುಭವದಲ್ಲಿ ಜಾಸ್ತಿ ಸಲ ಸಿಕ್ಕಿಬೀಳೋದು ಅರ್ಥಿಂಗ್. ಹೆಡ್‌ಲೈಟಿನ ಹಿಂದಿನಿಂದ ಒಂದು ವೈರ್, ಬಹಳ ಕಾರುಗಳಲ್ಲಿ ಕಪ್ಪುದು, ಹೊರಟು ಕಾರಿನ ಬಾಡಿಯ ಮೇಲೆ ಒಂದು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಆ ಬೋಲ್ಟಿನ ಕೆಳಗೆ ತುಕ್ಕು ಹಿಡಿದರೆ ಕರೆಂಟ್ ವಾಪಸ್ ಹೋಗೋ ದಾರಿ ಕಟ್ಟಿಹೋಗುತ್ತದೆ. ನಮ್ಮ ಕಡೆ ಧೂಳು, ನಿಮ್ಮ ಬೆಳಗಾವಿಯಲ್ಲಿ ಜಿಟಿಜಿಟಿ ಮಳೆ, ತುಕ್ಕಿಗೆ ಇನ್ನೇನು ಬೇಕು. ವೋಲ್ಟ್ ಅಳೆಯೋ ಮೀಟರ್ ಇಲ್ಲದಿದ್ದರೂ ನೋಡಬಹುದು: ಒಂದು ದಪ್ಪ ವೈರ್ ತಗೊಂಡು ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಬೋಲ್ಟಿನಲ್ಲಿರುವ ಆ ವೈರಿನ ತುದಿಯ ಲೋಹದ ಉಂಗುರಕ್ಕೆ, ಅಂದರೆ ಥಿಂಬಲ್‌ಗೆ ಒತ್ತಿ ಹಿಡಿಯಿರಿ. ಮಿಣುಕು ನಿಂತರೆ ಅರ್ಥಿಂಗೇ ಹೋಗಿದೆ. ಹುಷಾರು, ಥಿಂಬಲ್‌ಗೆ ಮಾತ್ರ, ಬಲ್ಬಿನ ಹಿಂದೆ ಸಿಕ್ಕಿಸಿರುವ ಪ್ಲಗ್ಗಿನ, ಅಂದರೆ ಕಪ್ಲರ್ ಪಿನ್ನಿಗೆ ಹಚ್ಚಬೇಡಿ. ಪಿನ್ ತಪ್ಪಿದರೆ ಶಾರ್ಟ್ ಆಗಿ ಫ್ಯೂಸ್ ಹೋಗುತ್ತದೆ, ಕೈಯೂ ಸುಡುತ್ತದೆ. ಮೀಟರ್ ಇದ್ದರೆ ಲೈಟ್ ಆನ್ ಮಾಡಿ ಅದೇ ಎರಡು ಜಾಗದ ನಡುವೆ ನೋಡಿ, ಸೊನ್ನೆಯ ಹತ್ತಿರ ಇರಬೇಕು. 0.2 ವೋಲ್ಟ್ ತನಕ ನಡೆಯುತ್ತದೆ, 0.5 ದಾಟಿತು ಅಂದರೆ ಬಿಚ್ಚಲೇಬೇಕು.

ಬಿಚ್ಚೋ ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ತೆಗೆಯಿರಿ, ಕೊನೆಗೆ ಹಾಕೋದೂ ಅದನ್ನೇ. ಆ ಬೋಲ್ಟಿಗೆ ನನ್ನ ಕಾರಲ್ಲಿ 10 ನಂಬರ್ ಪಾನಾ ಹತ್ತಿತು. ಥಿಂಬಲ್ಲನ್ನೂ ಬಾಡಿಯ ಜಾಗವನ್ನೂ ಪಾಲಿಶ್ ಪೇಪರ್‌ನಿಂದ ಹೊಳೆಯೋ ತನಕ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ಗ್ರೀಸ್ ಹಚ್ಚಿ. ಬಣ್ಣದ ಮೇಲೆ ಥಿಂಬಲ್ ಕೂರಿಸಿದರೆ ಏನೂ ಉಪಯೋಗ ಇಲ್ಲ.

ನನ್ನದು ಇಷ್ಟಕ್ಕೂ ಪೂರ್ತಿ ಹೋಗಲಿಲ್ಲ, ಹಂಪ್ ಹತ್ತಿದಾಗ ಇನ್ನೂ ಒಮ್ಮೆ ಕಣ್ಣು ಹೊಡೆಯೋದು. ಕಪ್ಲರ್ ಎಳೆದು ನೋಡಿದರೆ ಒಳಗೆ ಕಂದು ಬಣ್ಣಕ್ಕೆ ತಿರುಗಿ ಪಿನ್ ಸಡಿಲ ಆಗಿತ್ತು. ಕಾರು ಮಾರಿದವರು 100/90 ವಾಟ್ (ಹೈ ಬೀಮ್‌ಗೆ 100, ಲೋ ಬೀಮ್‌ಗೆ 90) ಬಲ್ಬ್ ಹಾಕಿಸಿದ್ದರು. ಕಂಪನಿ ಕೊಡೋ ಎಚ್4 ಬಲ್ಬ್ 60/55, ಅದು ಎಳೆಯೋದು ಸುಮಾರು 5 ಆಂಪಿಯರ್. 100 ವಾಟ್ ಅಂದರೆ 8ಕ್ಕೂ ಜಾಸ್ತಿ. ಅದೇ ಸಣ್ಣ ವೈರು ಎಷ್ಟಂತ ತಡೆದೀತು? ಸೆರಾಮಿಕ್ ಹೋಲ್ಡರ್ ಹಾಕಿ 60/55ಕ್ಕೆ ವಾಪಸ್ ಬಂದೆ, ಅಲ್ಲಿಗೆ ಮುಗಿಯಿತು. ಬಲ್ಬ್ ಬದಲಿಸುವಾಗ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಅಂಟಿದ ಕಡೆ ಜಾಸ್ತಿ ಕಾದು ಬೇಗ ಹೋಗುತ್ತದೆ.

ನಿಮ್ಮದು ಎರಡೂ ಮಿಣುಕುತ್ತಿದ್ದರೆ ಬ್ಯಾಟರಿ ಟರ್ಮಿನಲ್‌ನಿಂದ ಶುರು ಮಾಡಿ. ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೇ ಬ್ರಷ್‌ನಲ್ಲಿ ತೊಳೆಯಿರಿ. ಆಮೇಲೆ ಬ್ಯಾಟರಿಗೆ ಮೀಟರ್ ಹಿಡಿಯಿರಿ. ಎಂಜಿನ್ ಆಫ್ ಇದ್ದಾಗ 12.4ರಿಂದ 12.7 ವೋಲ್ಟ್, ಆನ್ ಆದ ಮೇಲೆ 13.8ರಿಂದ 14.5ರೊಳಗೆ ಬಂದು ಅಲ್ಲೇ ನಿಲ್ಲಬೇಕು. ಮುಳ್ಳು ಕುಣಿದ ಹಾಗೆ ನಂಬರ್ ಕುಣಿದರೆ, ಅಥವಾ 15 ದಾಟಿದರೆ, ಆಗ ನಿಮ್ಮ ಗ್ಯಾರೇಜಿನವರ ಮಾತು ನಿಜ ಇರಬಹುದು. ಆದರೂ ಮೊದಲು ಬೆಲ್ಟ್ ಸಡಿಲ ಇದೆಯಾ ನೋಡಿಸಿ, ಆಲ್ಟರ್ನೇಟರ್‌ನ ರೆಗ್ಯುಲೇಟರ್ (ವೋಲ್ಟ್ ಹದ್ದಿನಲ್ಲಿಡೋ ಭಾಗ) ಮಾತ್ರ ಬದಲಿಸಲು ಆಗುತ್ತದಾ ಕೇಳಿ. ಇನ್ನು ಎಸಿ ಆನ್ ಆದಾಗ ಬೆಳಕು ಒಂದು ಕ್ಷಣ ತಗ್ಗೋದು ಮಾಮೂಲಿ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹೊರಗಿನ ಎಲ್ಇಡಿ ಬಲ್ಬ್ ಹಾಕಿಸಿದ್ದರೆ ಈ ಎಲ್ಲದಕ್ಕೂ ಮೊದಲು ಹಳೇ ಹ್ಯಾಲೋಜನ್ ಹಾಕಿ ನೋಡಿ. ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ಮಾತ್ರ ಮಿಣುಕಿದ ಹಾಗೆ ಕಂಡು ಕಣ್ಣಿಗೆ ಕಾಣದಿದ್ದರೆ ಅದು ದೋಷವೇ ಅಲ್ಲ. ಎಚ್ಐಡಿ (ಕ್ಸೆನಾನ್) ಲೈಟ್ ಆದರೆ ಮಾತ್ರ ಕೈ ಹಾಕಬೇಡಿ, ಹತ್ತುವಾಗ ಅದರಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ವೈರಿನ ಮೇಲಿನ ಸಿಪ್ಪೆ ಸುಟ್ಟಿದ್ದರೂ ಸೀದಾ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.

ಸರಿ ಹೋಯ್ತು ಅನಿಸಿದ ಮೇಲೆ ಮನೆ ಮುಂದೆ ನಿಲ್ಲಿಸಿ ನೋಡಿದರೆ ಸಾಲದು, ತಗ್ಗು-ದಿಣ್ಣೆಯ ರಸ್ತೆಯಲ್ಲಿ ಒಂದು ಸುತ್ತು ಹೊಡೆಯಿರಿ. ಅಲ್ಲೂ ಮಿಣುಕಿದರೆ ಎಡವೋ ಬಲವೋ ಎರಡೂನೋ, ಮೀಟರ್‌ನಲ್ಲಿ ಎಷ್ಟು ಬಂತು ಅಂತ ಬರೆಯಿರಿ, ನೋಡೋಣ.